ಗಾಡಿಯೊಳಗಿನ ಹೊರಕಡೆ

ನಮ್ಮ ಭಾಷೆಯಲ್ಲಿ ಈ ಕೆಲಸಕ್ಕೆ ಇರುವ ಹೆಸರುಗಳನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಹೊರಕಡೆ, ಬಯಲಕಡೆ, ಕೆರೆಕಡೆ, ಬಹಿರ್ದೆಸೆ, ಇನ್ನೂ ಮರ್ಯಾದೆಯಾಗಿ ಹೇಳಬೇಕೆಂದರೆ ಚೊಂಬು ತೆಗೆದುಕೊಂಡು ಹೋಗುವುದು. ಎಲ್ಲವೂ ಮನೆಯಿಂದ ದೂರಕ್ಕೆ ಹೋಗುವ ಮಾತುಗಳೇ. (‘ಹೊರಗೆ ಕೂರುವುದು’ ಬೇರೆ, ಅದು ನಿಮಗೆಲ್ಲ ಗೊತ್ತೇ ಇದೆ.) ಕಕ್ಕಸು, ಪಾಯಖಾನೆ, ಸಂಡಾಸು ಎಂಬ ಪದಗಳು ಪರಭಾಷೆಯಿಂದ ಬಂದು ನಮ್ಮಲ್ಲಿ ಸೇರಿಕೊಂಡವು. ಮನೆಯೊಳಗೇ ಒಂದು ಮೂಲೆಯಲ್ಲಿ ಆ ಕೆಲಸ ಮುಗಿಸುವುದೆಂದರೆ ನಮ್ಮ ಅಜ್ಜಿಯಂಥವರಿಗೆ ವಾಕರಿಕೆ ಬರುತ್ತಿತ್ತು. ದೇವರ ಕೋಣೆ, ಅಡುಗೆಮನೆ ಇರುವ ಸೂರಿನ ಕೆಳಗೇ ಅದೂ ಇರುವುದೆ?

ಹೀಗಿದ್ದ ಜನರನ್ನು ಇಂಗ್ಲಿಷರು ತಂದು ರೈಲಿನ ಡಬ್ಬಿಯೊಳಗೆ ಕೂರಿಸಿದರು. ಓಡುವ ಗಾಡಿಯಿಂದ ಹೊರಕಡೆಗೆ ಹೋಗುವುದು ಹೇಗೆ?

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ರೈಲಿನ ಪಾಠ ಬಂದಾಗಲೆಲ್ಲ ಡಾಲ್‌ಹೌಸಿ, 1853ರ ಏಪ್ರಿಲ್ 16, ಬೋರಿ ಬಂದರಿನಿಂದ ಠಾಣೆ, 34 ಕಿಲೋಮೀಟರು ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. ಪರೀಕ್ಷೆಗೆ ಬೇಕಾದದ್ದು ಅಷ್ಟೇ. ಒಂದು ವರ್ಷ ಎಂಟನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಮಿಸ್, ಆಗ ಗಾಡೀಲಿ ಒಂದಕ್ಕೆ ಎರಡಕ್ಕೆ ಬಂದರೆ ಏನು ಮಾಡ್ತಿದ್ದರು?” ಎಂದು ಕೇಳಿದಳು. ತರಗತಿಯೆಲ್ಲ ಕಿಸಕ್ಕನೆ ನಕ್ಕಿತು. ನಾನು ನಗಲಿಲ್ಲ. ಇಪ್ಪತ್ತು ಮೂವತ್ತು ವರ್ಷ ಇತಿಹಾಸ ಹೇಳಿದವಳಿಗೆ ಗೊತ್ತಾಗುತ್ತದೆ, ಯಾವ ಪ್ರಶ್ನೆ ತಲೆಹರಟೆಯದು, ಯಾವುದು ನಿಜವಾದದ್ದು ಎಂದು. ಆ ಹುಡುಗಿ ನಿಜವಾಗಿಯೇ ಕೇಳುತ್ತಿದ್ದಳು. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲ ಗಾಡಿಯಲ್ಲಿ ಏನೂ ಇರಲಿಲ್ಲ. ಸುಮಾರು 400 ಮಂದಿ ಅತಿಥಿಗಳು ಒಂದೂಕಾಲು ಗಂಟೆಯ ಪ್ರಯಾಣ ಮಾಡಿ ಇಳಿದುಕೊಂಡರು, ಅದಕ್ಕೇನು ಬೇಕು? ತೊಂದರೆ ಶುರುವಾದದ್ದು ಹಳಿ ಉದ್ದವಾದಾಗ. 1864ರ ಹೊತ್ತಿಗೆ ಮದರಾಸಿನ ಕಡೆಯಿಂದ ಜೋಲಾರ್‌ಪೇಟೆಯ ಮೇಲೆ ಬೆಂಗಳೂರು ದಂಡಿಗೆ ಗಾಡಿ ಬಂತು. 1870ರಲ್ಲಿ ಮುಂಬಯಿಯೂ ಕಲ್ಕತ್ತೆಯೂ ಒಂದೇ ಹಳಿಯ ಎರಡು ತುದಿಗಳಾದವು. 1882ರಲ್ಲಿ ಬೆಂಗಳೂರಿನಿಂದ ಮೈಸೂರಿಗೂ ರೈಲಾಯಿತು. ಒಂದು ಹಗಲು, ಒಂದು ರಾತ್ರಿ, ಮತ್ತೊಂದು ಹಗಲು ಜನ ಗಾಡಿಯಲ್ಲಿಯೇ ಕಳೆಯಬೇಕಾಯಿತು. ತಿನ್ನುವುದು, ಮಲಗುವುದು, ಮಗುವಿಗೆ ಹಾಲು ಕೊಡುವುದು, ಜಗಳ, ಸಂಬಂಧ ಕುದುರಿಸುವುದು ಎಲ್ಲವೂ ಅಲ್ಲಿಯೇ. ಅಂದಮೇಲೆ ಅದು ಸಂಸಾರವೇ ಸರಿ, ಚಕ್ರದ ಮೇಲಿನ ಸಂಸಾರ. ಆದರೆ ಬಚ್ಚಲಿಲ್ಲದ ಸಂಸಾರ.

ಮೇಲು ದರ್ಜೆಯ ದೊರೆಗಳಿಗೆ ಇದು ಬೇಗ ಪರಿಹಾರವಾಯಿತು. ಹತ್ತೊಂಬತ್ತನೇ ಶತಮಾನ ಮುಗಿಯುವುದರೊಳಗೆ ಮೊದಲ ದರ್ಜೆಯ ಡಬ್ಬಿಗಳಲ್ಲಿ ಕಕ್ಕಸು ಇತ್ತು. ಮೂರನೇ ದರ್ಜೆಯವರು, ಎಂದರೆ ರೈಲ್ವೆಗೆ ಹೆಚ್ಚು ಪಾಲು ಜನವನ್ನೂ ಹಣವನ್ನೂ ಕೊಡುತ್ತಿದ್ದವರು, ಸ್ಟೇಷನ್ ಬರುವ ತನಕ ಹಲ್ಲು ಕಚ್ಚಿಕೊಂಡಿರಬೇಕು. ಗಾಡಿ ನಿಂತ ಕೂಡಲೆ ಚೊಂಬು ಹಿಡಿದು ಓಡಬೇಕು. ಗಾಡಿ ಅಲ್ಲಲ್ಲಿ ನಿಲ್ಲುತ್ತದಲ್ಲ, ಪ್ಲಾಟ್‌ಫಾರಮ್ಮಿನಲ್ಲಿ ಕಕ್ಕಸು ಕಟ್ಟಿಸಿದ್ದೇವಲ್ಲ, ಡಬ್ಬಿಯಲ್ಲಿ ಬೇರೆ ಏಕೆ ಎಂಬುದು ಕಂಪೆನಿಗಳ ವಾದ. ದೇಶೀ ಪತ್ರಿಕೆಗಳು ವರ್ಷಗಟ್ಟಲೆ ದೂರುತ್ತಲೇ ಇದ್ದವು.

ಆ ಕಾಲದ ಒಂದು ಪತ್ರ ಬಹಳ ಪ್ರಸಿದ್ಧ. ದೆಹಲಿಯ ರೈಲು ವಸ್ತುಸಂಗ್ರಹಾಲಯದಲ್ಲಿ ಅದನ್ನು ಪ್ರದರ್ಶನಕ್ಕೆ ಇಟ್ಟಿದ್ದಾರೆ. 1909ರಲ್ಲಿ ಓಖಿಲ್ ಚಂದ್ರ ಸೇನ್ ಎಂಬ ಬಂಗಾಳಿ ಸಾಹೇಬ್‌ಗಂಜ್ ವಿಭಾಗದ ರೈಲ್ವೆ ಕಛೇರಿಗೆ ಬರೆದದ್ದು. ಹಲಸಿನ ಹಣ್ಣು ತಿಂದು ಹೊಟ್ಟೆ ಕೆಟ್ಟಿತ್ತು, ಅಹ್ಮದ್‌ಪುರ ಸ್ಟೇಷನ್ನಿನಲ್ಲಿ ಇಳಿದು ಕೂತಿದ್ದಾಗ ಗಾರ್ಡು ಸೀಟಿ ಊದಿಬಿಟ್ಟ, ಒಂದು ಕೈಯಲ್ಲಿ ಚೊಂಬು ಮತ್ತೊಂದು ಕೈಯಲ್ಲಿ ಪಂಚೆ ಹಿಡಿದು ಓಡಿ ಎಲ್ಲರೆದುರು ಬಿದ್ದೆ, ಗಾಡಿ ತಪ್ಪಿತು, ಆ ಗಾರ್ಡಿಗೆ ದಂಡ ಹಾಕಿ, ಇಲ್ಲವಾದರೆ ಪೇಪರಿಗೆ ಬರೆಯುತ್ತೇನೆ ಎಂಬುದು ಅದರ ಸಾರ. ಅವರ ಇಂಗ್ಲಿಷು ತಪ್ಪುತಪ್ಪಾಗಿದೆ ಎಂದು ಓದಿದವರೆಲ್ಲ ನಗುತ್ತಾರೆ. ನನಗಂತೂ ಆ ಮನುಷ್ಯನ ಧೈರ್ಯ ದೊಡ್ಡದಾಗಿ ಕಾಣುತ್ತದೆ. ಮನೆಯವರ ಎದುರಿಗೆ ಹೇಳಿಕೊಳ್ಳಲು ನಾಚುವ ಸಂಗತಿಯನ್ನು ಬಾರದ ಭಾಷೆಯಲ್ಲಿ, ಆಳುವವರ ಕಛೇರಿಗೆ, ತನ್ನ ಹೆಸರು ಹಾಕಿ ಬರೆದರಲ್ಲ! ಈ ಒಂದು ಕಾಗದದಿಂದಲೇ ರೈಲಿಗೆಲ್ಲ ಕಕ್ಕಸು ಬಂತು ಎಂದು ಹೇಳುವುದುಂಟು. ಇತಿಹಾಸ ಅಷ್ಟು ಸಲೀಸಾಗಿ ನಡೆಯುವುದಿಲ್ಲ. ಅವರಿಗಿಂತ ಮುಂಚೆ ಎಷ್ಟೋ ಜನ ಕೂಗಿದ್ದರು, ಆಮೇಲೂ ಕೂಗಬೇಕಾಯಿತು. ಆದರೂ ಹೆಸರು ಅವರದು ಉಳಿಯಿತು, ಉಳಿಯಲಿ.

ನನ್ನ ಮನಸ್ಸು ಹೋಗುವುದು ಆ ದಿನ ಅದೇ ಗಾಡಿಯಲ್ಲಿದ್ದ ಹೆಂಗಸರ ಕಡೆಗೆ. ಅವರಲ್ಲೂ ಯಾರೋ ಹಲಸಿನ ಹಣ್ಣು ತಿಂದಿರಬೇಕಲ್ಲ? ಅವರು ಚೊಂಬು ಹಿಡಿದು ಹಳಿಯ ಪಕ್ಕ ಇಳಿದು ಕೂರುವಂತಿರಲಿಲ್ಲ. ಬೀಳುವಂತೆಯೂ ಇರಲಿಲ್ಲ, ಕಾಗದ ಬರೆಯುವಂತೆಯೂ ಇರಲಿಲ್ಲ.

ಕಕ್ಕಸು ಬಂದಮೇಲೂ ಅದರ ಸ್ಥಿತಿ ಏನಾಗಿತ್ತೆಂದು ಗಾಂಧೀಜಿ ಬರೆದಿಟ್ಟಿದ್ದಾರೆ. ಆಫ್ರಿಕದಿಂದ ಬಂದ ಮೇಲೆ ಅವರು ಹಟ ಹಿಡಿದು ಮೂರನೇ ದರ್ಜೆಯಲ್ಲೇ ತಿರುಗಿದರು. 1917ರಲ್ಲಿ ಆ ಅನುಭವವನ್ನೇ ಒಂದು ಸಣ್ಣ ಬರಹ ಮಾಡಿ ಪ್ರಕಟಿಸಿದರು. ಮುಂಬಯಿಯಿಂದ ಮದರಾಸಿನವರೆಗೆ ಡಬ್ಬಿಯನ್ನು ಒಮ್ಮೆಯೂ ಗುಡಿಸಲಿಲ್ಲ, ಕಕ್ಕಸನ್ನು ತೊಳೆಯಲಿಲ್ಲ, ತೊಟ್ಟಿಯಲ್ಲಿ ನೀರೇ ಇರಲಿಲ್ಲ ಎಂದು ಅವರ ದೂರು. ಓದಿದಾಗ, ಇದು ನಾನೂ ಹೋದ ಗಾಡಿಯೇ ಅನ್ನಿಸಿತು.

ನಾನು ಎಂಟು ವರ್ಷದವಳಿದ್ದಾಗ ನಮ್ಮ ಅಜ್ಜಿ ಕಾಶಿಯಾತ್ರೆಗೆ ಹೊರಟರು. ಆಗ ನಮ್ಮ ಕಡೆ ಇನ್ನೂ ಮೀಟರ್‌ಗೇಜು, ಹೊಗೆ ಬಂಡಿ. ಬೆಂಗಳೂರಿಗೆ ಹೋಗಿ ದೊಡ್ಡ ಗಾಡಿ ಹತ್ತಿ ಎರಡು ದಿನಕ್ಕೂ ಮೇಲೆ ಕೂರಬೇಕು. ಅಜ್ಜಿ ಹೊರಡುವ ಹಿಂದಿನ ದಿನವೇ ಊಟ ಬಿಟ್ಟರು. ನಾವು ಉಪವಾಸವೆಂದು ತಿಳಿದುಕೊಂಡೆವು. ಅಮ್ಮ ಒಬ್ಬಳಿಗೇ ಗೊತ್ತಿತ್ತು. “ಗಾಡೀಲಿ ಹಿಡಿ ಅವಲಕ್ಕಿ ಸಾಕು ಕಣೇ, ನೀರಂತೂ ಬೇಡವೇ ಬೇಡ. ಆ ತೂತು ನೋಡಿದರೆ ತಲೆ ತಿರುಗುತ್ತೆ, ಕೆಳಗೆ ಭೂಮಿ ಓಡ್ತಾ ಇರುತ್ತೆ” ಎಂದು ಅಜ್ಜಿ ಅಮ್ಮನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಕಾಶಿಯಲ್ಲಿ ಇಳಿದ ದಿನ ಅವರಿಗೆ ಜ್ವರ ಬಂದು ಉರಿಮೂತ್ರವಾಯಿತು, ಗಂಗಾಸ್ನಾನ ಎರಡು ದಿನ ತಡವಾಯಿತು. ಅದನ್ನು ಕ್ಷೇತ್ರದ ನೀರು ಒಗ್ಗಲಿಲ್ಲ ಎಂದೇ ಎಲ್ಲರಿಗೂ ಹೇಳಿಕೊಂಡರು. ಇಂದಿಗೂ ಪ್ರಯಾಣದ ದಿನ ಬೆಳಗ್ಗೆಯಿಂದ ನೀರು ಕುಡಿಯದ ಹೆಂಗಸರು ನಮ್ಮ ನಿಮ್ಮ ಮನೆಗಳಲ್ಲಿ ಎಷ್ಟು ಜನ ಇಲ್ಲ? ಬಸ್ಸಿನ ವಿಷಯ ಎತ್ತುವುದೇ ಬೇಡ. ಶಾಲೆಯ ಪ್ರವಾಸದಲ್ಲಿ ಐವತ್ತು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋದವರಿಗೆ ಅದು ಗೊತ್ತು.

ಅಜ್ಜಿ ಕಂಡ ಆ ತೂತೇ ಒಂದು ನೂರು ವರ್ಷದ ರೈಲ್ವೆಯ ವ್ಯವಸ್ಥೆ. ಒಂದು ಕೊಳವೆ, ಅದರ ಕೆಳಗೆ ಹಳಿ. ಓಡುವ ಗಾಡಿಯಿಂದ ಬಿದ್ದದ್ದು ಬಯಲಿನಲ್ಲಿ ಚದುರಿ, ಬಿಸಿಲಿಗೆ ಒಣಗಿ ಹೋಗುತ್ತದೆ ಎಂಬ ಲೆಕ್ಕ. ನೂರಾರು ಮೈಲಿ ಖಾಲಿ ಬಯಲಿದ್ದು, ದಿನಕ್ಕೆ ಎರಡು ಗಾಡಿ ಓಡುವ ಕಾಲಕ್ಕೆ ಆ ಲೆಕ್ಕ ಹೇಗೋ ನಡೆಯಿತೇನೋ. ಇಂಗ್ಲೆಂಡಿನಲ್ಲೂ ತೀರ ಇತ್ತೀಚಿನವರೆಗೆ ಹೀಗೆಯೇ ಹಳಿಗೆ ಬಿಡುವ ಗಾಡಿಗಳಿದ್ದವು, ಆದ್ದರಿಂದ ಇದು ನಮ್ಮದೊಬ್ಬರದೇ ಹೊಲಸು ಎಂದು ತಲೆ ತಗ್ಗಿಸಬೇಕಾಗಿಲ್ಲ. ಆದರೆ ನಮ್ಮಲ್ಲಿ ಗಾಡಿಗಳು ಸಾವಿರಗಟ್ಟಲೆಯಾದವು, ಜನ ಕೋಟಿಗಟ್ಟಲೆಯಾದರು, ತೂತು ಮಾತ್ರ ಹಾಗೆಯೇ ಉಳಿಯಿತು. ದಿನವೊಂದಕ್ಕೆ ಸುಮಾರು 4,000 ಟನ್ ಮಲ ಹಳಿಗಳ ಮೇಲೆ ಬೀಳುತ್ತದೆ ಎಂಬ ಅಂದಾಜನ್ನು ಕೇಂದ್ರದ ಮಹಾಲೇಖಪಾಲರ ವರದಿಯೇ ಕೊಟ್ಟಿತು. ಆಗ ಕೇಂದ್ರ ಮಂತ್ರಿಯಾಗಿದ್ದ ಜೈರಾಂ ರಮೇಶ್ 2012ರಲ್ಲಿ, ನಮ್ಮ ರೈಲ್ವೆ ಜಗತ್ತಿನಲ್ಲೇ ಅತಿ ದೊಡ್ಡ ಬಯಲು ಕಕ್ಕಸು ಎಂದು ಬಹಿರಂಗವಾಗಿ ಹೇಳಿದರು. ಅದೇ ವರ್ಷ ಅನಿಲ್ ಕಾಕೋಡ್ಕರ್ ಸಮಿತಿ ರೈಲು ಸುರಕ್ಷತೆಯ ವರದಿ ಕೊಟ್ಟಿತು. ಮೇಲಿನಿಂದ ಬೀಳುವ ಈ ಹೊಲಸಿನಿಂದ ಹಳಿಗೂ ಅದನ್ನು ಹಿಡಿದಿಡುವ ಕೊಂಡಿಗಳಿಗೂ ತುಕ್ಕು ಹಿಡಿಯುತ್ತದೆ, ಇಂಥ ಕಕ್ಕಸುಗಳನ್ನು ತೆಗೆಯಬೇಕು ಎಂದು ಅದು ಹೇಳಿತು. ಮನುಷ್ಯರ ಮಾನಕ್ಕಿಂತ ಕಬ್ಬಿಣದ ತುಕ್ಕಿಗೆ ಸರ್ಕಾರದ ಕಿವಿ ಬೇಗ ತೆರೆಯುತ್ತದೆ ಎಂದು ನನಗೆ ಅನ್ನಿಸುವುದುಂಟು.

ಬಯಲಿನಲ್ಲಿ ಬಿದ್ದದ್ದು ಒಣಗಲಿ. ಆದರೆ ಅಲ್ಲೂ ಮನುಷ್ಯರಿದ್ದರು. ದಿನವೂ ಮೈಲಿಗಟ್ಟಲೆ ಹಳಿಯ ಮೇಲೆ ನಡೆದು ಕೊಂಡಿಗಳನ್ನು ಬಿಗಿ ಮಾಡುವ ಕೀಮ್ಯಾನ್, ಜಲ್ಲಿ ಸರಿಪಡಿಸುವ ಗ್ಯಾಂಗಿನವರು, ಅವರೆಲ್ಲ ಗಾಡಿ ಬಂದಾಗ ಪಕ್ಕಕ್ಕೆ ಸರಿದು ಮುಖ ತಿರುಗಿಸಿಕೊಂಡು ನಿಲ್ಲುತ್ತಿದ್ದರು. ಗಾಳಿಗೆ ಎರಚುತ್ತಿತ್ತು. ಸ್ಟೇಷನ್ನಿನಲ್ಲಿ ಬಿದ್ದದ್ದು ಒಣಗಲು ಬಿಡುವಂತಿರಲಿಲ್ಲ. ಅದಕ್ಕೇ ‘ಗಾಡಿ ನಿಂತಿರುವಾಗ ಶೌಚಾಲಯವನ್ನು ಉಪಯೋಗಿಸಬಾರದು’ ಎಂಬ ಬೋರ್ಡು. ನಿಯಮವೇನೋ ಸರಿ. ಆದರೆ ಕುಲುಕಾಡುವ ಡಬ್ಬಿಯಲ್ಲಿ ಒಂದು ಕೈಯಲ್ಲಿ ಸೀರೆ, ಮತ್ತೊಂದು ಕೈಯಲ್ಲಿ ಗೋಡೆಯ ಸರಳು ಹಿಡಿದು ಮಂಡಿನೋವಿನ ಮುದುಕಿ ಕೂರಬೇಕು! ಗಾಡಿ ನಿಂತ ಐದು ನಿಮಿಷವೇ ಅವಳಿಗೆ ಒದಗುವ ಸಮಯ. ಗಂಡಸರು ಮಾಡಿದ ನಿಯಮವೆಂದು ನನಗೆ ಮೊದಲಿನಿಂದಲೂ ಗುಮಾನಿ.

ದೊಡ್ಡ ಸ್ಟೇಷನ್ನುಗಳಲ್ಲಿ ಪ್ಲಾಟ್‌ಫಾರಮ್ಮಿನ ಪಕ್ಕದ ಹಳಿಗಳ ನಡುವೆ ಜಲ್ಲಿಯ ಬದಲು ಸಿಮೆಂಟು ಹಾಕಿ ಚರಂಡಿ ಬಿಟ್ಟರು, ನೀರು ಹಾಯಿಸಿ ತೊಳೆಯಲಿ ಎಂದು. ನೀರಿನ ಜೊತೆಗೆ ಪೊರಕೆ, ತಗಡು, ಬಕೆಟ್ಟೂ ಬೇಕಾಗುತ್ತಿದ್ದವು. ಅವನ್ನು ಹಿಡಿಯುವ ಕೈಗಳೂ ಬೇಕು.

ನಮ್ಮೂರು ಒಂದು ಜಂಕ್ಷನ್. ತರಗತಿಯಲ್ಲಿ ಆ ಪ್ರಶ್ನೆ ಕೇಳಿದ ಹುಡುಗಿಯ ತಾಯಿ ಅಲ್ಲಿಯೇ ಕಂಟ್ರಾಕ್ಟಿನ ಕೆಲಸಕ್ಕಿದ್ದಳು. ಶಾಲೆಯ ಅರ್ಜಿಯಲ್ಲಿ ಪೋಷಕರ ಉದ್ಯೋಗ ಎಂದಿದ್ದ ಕಡೆ ಹುಡುಗಿ ‘ರೈಲ್ವೆ’ ಎಂದಷ್ಟೇ ಬರೆದಿದ್ದಳು. ನಮ್ಮ ಊರಿನಲ್ಲಿ ಗಾರ್ಡಿನ ಮಗಳೂ ‘ರೈಲ್ವೆ’ ಎಂದೇ ಬರೆಯುತ್ತಾಳೆ, ಸ್ಟೇಷನ್ ಮಾಸ್ತರರ ಮಗಳೂ ಹಾಗೆಯೇ. ಒಂದು ಬೆಳಗಿನ ಜಾವ ಮೌಲ್ಯಮಾಪನಕ್ಕೆಂದು ಬೆಂಗಳೂರಿಗೆ ಹೊರಟು ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದ್ದಾಗ ಕೆಳಗೆ ಹಳಿಗಳ ನಡುವೆ ಆಕೆಯನ್ನು ಕಂಡೆ. ಸೀರೆಯನ್ನು ಎತ್ತಿ ಕಟ್ಟಿ, ಸೆರಗಿನಿಂದ ಮೂಗು ಬಾಯಿ ಬಿಗಿದುಕೊಂಡಿದ್ದಳು. ಕೈಯಲ್ಲಿ ಉದ್ದನೆಯ ಕಡ್ಡಿ ಪೊರಕೆ, ಪಕ್ಕದಲ್ಲಿ ಬ್ಲೀಚಿಂಗ್ ಪುಡಿಯ ಬಕೆಟ್ಟು. ಕಾಲಿಗೆ ಹವಾಯಿ ಚಪ್ಪಲಿ. ಪೋಷಕರ ಸಭೆಗೆ ಬಂದಾಗ ಹೂ ಮುಡಿದು, ಇಸ್ತ್ರಿ ಮಾಡಿದ ಸೀರೆ ಉಟ್ಟು ಹಿಂದಿನ ಬೆಂಚಿನಲ್ಲಿ ಕೂತಿದ್ದವಳು ಇವಳೇ. ಕಣ್ಣಿನಿಂದಲೇ ಗುರುತು ಸಿಕ್ಕಿತು.

“ಏನಮ್ಮಾ, ಇಷ್ಟು ಹೊತ್ತಿಗೇ ಕೆಲಸವಾ?” ಎಂದೆ.

ಆಕೆ ಸೆರಗು ಸಡಿಲಿಸಿ ನಕ್ಕಳು. “ಮೂರೂವರೆಗೇ ಬಂದೀವ್ನಿ ಟೀಚರಮ್ಮ. ಈ ಕಡೆ ತೊಳ್ದು ಬತ್ತಿದ್ದಂಗೆ ಆ ಕಡೆ ಇನ್ನೊಂದು ಗಾಡಿ. ನಿಂತಾಗ ಹೋಗ್ಬ್ಯಾಡಿ ಅಂತ ಬೋಲ್ಡು ಹಾಕವ್ರೆ. ಗಾಡಿ ನಿಂತ್ಮ್ಯಾಕೇ ಎಲ್ರಿಗೂ ಅವಸರ.”

“ಕೈಗೆ ಗ್ಲೋಸು ಕೊಡಲ್ಲವಾ?”

“ಸಾಹೇಬ್ರು ಬಂದಾಗ ಕೊಡ್ತಾರೆ. ಆಮ್ಯಾಕೆ ಇಸ್ಕತಾರೆ.”

ಅಷ್ಟರಲ್ಲಿ ನನ್ನ ಗಾಡಿ ಬರುವ ಸೂಚನೆಯಾಯಿತು. ಆಕೆ ಪೊರಕೆ ಬಕೆಟ್ಟು ಮೇಲಿಟ್ಟು, ಎರಡೂ ಕೈ ಊರಿ ಪ್ಲಾಟ್‌ಫಾರಮ್ಮಿಗೆ ಹತ್ತಿದಳು. ಆಸುಪಾಸಿನಲ್ಲಿದ್ದ ನಾಲ್ಕು ಜನ ಎರಡು ಹೆಜ್ಜೆ ಹಿಂದೆ ಸರಿದರು. ಆಕೆ ಅದಕ್ಕೆ ಒಗ್ಗಿಹೋದವಳಂತೆ ಕಂಬದ ಹಿಂದೆ ಹೋಗಿ ನಿಂತುಕೊಂಡಳು. ಹೋಗುವಾಗ, “ನಮ್ ಹುಡ್ಗಿ ಓದ್ತಾಳಾ?” ಎಂದು ಕೇಳಿದಳು. ಓದುತ್ತಾಳೆ, ಚೆನ್ನಾಗಿ ಪ್ರಶ್ನೆ ಕೇಳುತ್ತಾಳೆ ಎಂದೆ.

ಈ ಕೆಲಸ ಯಾವ ಜಾತಿಯವರ ಪಾಲಿಗೆ ಬಂತು ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಊರಿನಲ್ಲಿ ಯಾರು ಮಾಡುತ್ತಿದ್ದರೋ ರೈಲ್ವೆಯಲ್ಲೂ ಅವರೇ. ಸಂಬಳದ ಪಟ್ಟಿಯಲ್ಲಿ ಹುದ್ದೆಯ ಹೆಸರು ಬದಲಾಯಿತೇ ಹೊರತು ಮನೆತನ ಬದಲಾಗಲಿಲ್ಲ. ನಮ್ಮ ರಾಜ್ಯದಲ್ಲಿ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ, ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದಾಗ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶದ ಕಾನೂನು ಬರಲು 1993 ಆಗಬೇಕಾಯಿತು. ಆ ಕಾನೂನಿನ ಕಣ್ಣು ಇದ್ದದ್ದು ಮನೆಗಳ ಹಿಂದಿನ ಒಣ ಕಕ್ಕಸುಗಳ ಮೇಲೆ. ಹಾಗಾದರೆ ಹಳಿ? ಅದು ಸರ್ಕಾರದ್ದೇ ಒಣ ಕಕ್ಕಸಲ್ಲವೆ?

ಈ ಪ್ರಶ್ನೆಯನ್ನು ಜೋರಾಗಿ ಕೇಳಿದವರಲ್ಲಿ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮುಖ್ಯರು. ಗಣಿಯ ಕಾರ್ಮಿಕರ ಸಾಲುಮನೆಗಳ ಒಣ ಕಕ್ಕಸು ತೊಳೆಯುತ್ತಿದ್ದ ಮನೆತನದಿಂದ ಬಂದವರು ಅವರು. ಅವರು ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಹನ್ನೊಂದು ವರ್ಷ ನಡೆದ ಮೊಕದ್ದಮೆ ಅದು. 2014ರ ಮಾರ್ಚ್ 27ರಂದು ತೀರ್ಪು ಕೊಡುವಾಗ ಕೋರ್ಟು ರೈಲ್ವೆಯನ್ನು ಹೆಸರಿಸಿಯೇ, ಹಳಿಗಳ ಮೇಲಿನ ಈ ಪದ್ಧತಿ ನಿಲ್ಲಿಸಲು ಕಾಲಮಿತಿ ಹಾಕಿಕೊಂಡು ಕೆಲಸ ಮಾಡಬೇಕು ಎಂದಿತು. ಅದಕ್ಕೂ ಮೊದಲೇ, 2013ರ ಹೊಸ ಕಾಯಿದೆಯಲ್ಲಿ ಮಲ ಬಳಿಯುವ ಜಾಗಗಳ ಪಟ್ಟಿಗೆ ರೈಲ್ವೆ ಹಳಿ ಎಂಬ ಪದ ಸೇರಿತ್ತು. ಸೇರಿಸಿದ ಕೈಯೇ ಕೆಳಗೊಂದು ವಿವರಣೆಯನ್ನೂ ಸೇರಿಸಿತು: ಸರ್ಕಾರ ಸೂಚಿಸಿದ ಉಪಕರಣ, ರಕ್ಷಣೆಯ ಉಡುಪು ಕೊಟ್ಟಿದ್ದರೆ ಆ ಕೆಲಸ ಮಾಡುವವರು ಈ ಕಾಯಿದೆಯ ಲೆಕ್ಕಕ್ಕೆ ಬರುವುದಿಲ್ಲವಂತೆ. ಓದಿದಾಗ ನನಗೆ ಆ ಗ್ಲೋಸಿನ ಮಾತು ನೆನಪಾಯಿತು.

ಇನ್ನು ಪರಿಹಾರದ ಕಥೆ. ಮೊದಲು ಮಾಡಿದ್ದು ಒಂದು ಉಪಾಯ: ಕಕ್ಕಸಿನ ಕೆಳಗೆ ಒಂದು ತೊಟ್ಟಿ ಇಟ್ಟು, ಗಾಡಿಯ ವೇಗ ಗಂಟೆಗೆ 30 ಕಿಲೋಮೀಟರ್ ದಾಟಿದ ಮೇಲಷ್ಟೇ ಅದರ ಬಾಗಿಲು ತೆರೆಯುವಂತೆ ಮಾಡಿದರು. ಸ್ಟೇಷನ್ನು ಚೊಕ್ಕಟವಾಯಿತು, ಊರಾಚೆ ಹಳಿ ಹಾಗೆಯೇ ಇತ್ತು. ನಮ್ಮ ಮನೆಯ ಕಸವನ್ನು ಗುಡಿಸಿ ಪಕ್ಕದ ಮನೆಯ ಮುಂದೆ ಬಿಟ್ಟ ಹಾಗೆ.

ನಿಜವಾದ ದಾರಿ ಸಿಕ್ಕಿದ್ದು ಯಾರೂ ನೆನೆಸದ ಕಡೆಯಿಂದ, ಹಿಮದಿಂದ. ಸಿಯಾಚಿನ್, ಲಡಾಖಿನಂಥ ಜಾಗಗಳಲ್ಲಿ ಕಾವಲಿರುವ ಸೈನಿಕರಿಗೆ ಇದೇ ದೊಡ್ಡ ತಲೆನೋವು. ನಮ್ಮ ಹೊಲದ ಮಣ್ಣಿನಲ್ಲಿ ಹುಳು, ಶಾಖ, ತೇವ ಎಲ್ಲ ಸೇರಿ ನಾಲ್ಕು ದಿನದಲ್ಲಿ ಕೊಳೆಸಿಬಿಡುವುದನ್ನು ಹಿಮ ಕೊಳೆಸುವುದಿಲ್ಲ. ಫ್ರಿಜ್ಜಿನಲ್ಲಿಟ್ಟ ಹಿಟ್ಟಿನ ಹಾಗೆ ವರ್ಷಗಟ್ಟಲೆ ಇದ್ದಲ್ಲೇ ಇರುತ್ತದೆ. ಆಮೇಲೆ ಹಿಮ ಕರಗಿ ಕುಡಿಯುವ ನೀರಿಗೆ ಸೇರುತ್ತದೆ. ಗ್ವಾಲಿಯರಿನಲ್ಲಿರುವ ರಕ್ಷಣಾ ಸಂಶೋಧನಾಲಯದ ವಿಜ್ಞಾನಿಗಳು ಚಳಿಯಲ್ಲೂ ಬದುಕಿ ಕೆಲಸ ಮಾಡುವ, ಗಾಳಿ ಬೇಡದ ಬ್ಯಾಕ್ಟೀರಿಯಾಗಳ ಒಂದು ಹೆಪ್ಪನ್ನು ಬೆಳೆಸಿದರು. ಹೆಪ್ಪು ಎಂದೇ ಹೇಳಬೇಕು, ಕೆಲಸ ಅದೇ ತಾನೆ? ಹಾಲಿಗೆ ಒಂದು ಚಮಚ ಮೊಸರು ಹಾಕಿಟ್ಟರೆ ಉಳಿದದ್ದನ್ನು ಅದು ನೋಡಿಕೊಳ್ಳುತ್ತದೆ. ಇಲ್ಲಿಯೂ ತೊಟ್ಟಿಯಲ್ಲಿ ಆ ಹೆಪ್ಪು ಹಾಕಿಟ್ಟರೆ ಬಿದ್ದದ್ದನ್ನೆಲ್ಲ ತಿಂದು ನೀರು ಮತ್ತು ಅನಿಲವಾಗಿ ಒಡೆಯುತ್ತದೆ. ಅನಿಲವೆಂದರೆ ಮೀಥೇನು, ಇಂಗಾಲದ ಡೈ ಆಕ್ಸೈಡು. ಗೋಬರ್ ಗ್ಯಾಸಿನ ಮನೆಯವರಿಗೆ ಪರಿಚಯದ್ದೇ.

ಇದನ್ನು ರೈಲಿಗೆ ಅಳವಡಿಸಿದರು. ಪ್ರತಿ ಕಕ್ಕಸಿನ ಕೆಳಗೆ ಒಂದು ಸ್ಟೀಲಿನ ತೊಟ್ಟಿ, ಒಳಗೆ ಅಡ್ಡ ಗೋಡೆಗಳು. ಬಂದದ್ದು ಸರಕ್ಕನೆ ಹರಿದು ಹೋಗದೆ ಕೋಣೆಯಿಂದ ಕೋಣೆಗೆ ನಿಧಾನವಾಗಿ ಸಾಗಬೇಕು, ಅಷ್ಟರಲ್ಲಿ ಬ್ಯಾಕ್ಟೀರಿಯಾ ತನ್ನ ಕೆಲಸ ಮುಗಿಸಬೇಕು. ಕೊನೆಗೆ ಕ್ಲೋರಿನ್ ಹಾಯ್ದು ನೀರಷ್ಟೇ ಹೊರಬೀಳುತ್ತದೆ. 2011ರ ಜನವರಿಯಲ್ಲಿ ಗ್ವಾಲಿಯರ್–ವಾರಾಣಸಿ ನಡುವಿನ ಬುಂದೇಲ್‌ಖಂಡ್ ಎಕ್ಸ್‌ಪ್ರೆಸ್ಸಿಗೆ ಮೊದಲು ಹಾಕಿದರು. ಅಜ್ಜಿ ಇದ್ದಿದ್ದರೆ ಕಾಶಿಗೆ ಹೋಗುವ ಗಾಡಿಯೇ ಆಗಬೇಕಿತ್ತು ಎನ್ನುತ್ತಿದ್ದರು. 2016ರಲ್ಲಿ ರಾಮೇಶ್ವರದಿಂದ ಮಾನಾಮದುರೈವರೆಗಿನ 114 ಕಿಲೋಮೀಟರು ಏನೂ ಬೀಳದ ಮೊದಲ ಹಳಿ ಎನ್ನಿಸಿಕೊಂಡಿತು. ಇನ್ನೈದು ವರ್ಷಗಳೊಳಗೆ ಸುಮಾರು 73,000 ಡಬ್ಬಿಗಳಿಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ತೊಟ್ಟಿಗಳು ಬಂದು, ಪ್ರಯಾಣಿಕರ ಗಾಡಿಗಳಲ್ಲಿ ಆ ಹಳೆಯ ತೂತು ಮುಚ್ಚಿತು. ನೂರು ವರ್ಷದಲ್ಲಿ ಆಗದ್ದು ಹತ್ತು ವರ್ಷದಲ್ಲಿ ಆಯಿತು. ಸರ್ಕಾರ ಮಾಡಿದ ಒಳ್ಳೆಯ ಕೆಲಸವನ್ನು ಒಳ್ಳೆಯದೆನ್ನಲು ನನಗೆ ಸಂಕೋಚವಿಲ್ಲ. 2022ರ ನವೆಂಬರಿನಲ್ಲಿ ಮೈಸೂರು–ಚೆನ್ನೈ ನಡುವೆ ಓಡಲು ಶುರುವಾದ ವಂದೇ ಭಾರತ್‌ನಲ್ಲಿ ವಿಮಾನದಲ್ಲಿರುವ ಹಾಗೆ ಗಾಳಿಯಿಂದಲೇ ಎಳೆದುಕೊಳ್ಳುವ ವ್ಯವಸ್ಥೆಯಿದೆ. ನೀರು ಬೇಕಾಗುವುದು ಬಹಳ ಕಡಮೆ. ಗುಂಡಿ ಒತ್ತಿದಾಗ ಬರುವ ಆ ಸದ್ದಿಗೆ ಮಾತ್ರ ಎದೆ ಝಲ್ಲೆನ್ನುತ್ತದೆ.

ಆದರೆ ಹೆಪ್ಪಿಗೆ ತನ್ನದೇ ಆದ ಮಡಿ ಇದೆ. ಹಾಲು ಕಾದಿದ್ದರೆ ಮೊಸರಾಗದು. ಹಾಗೆಯೇ ಆಸಿಡ್ಡು ಸುರಿದು ತೊಳೆದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಇನ್ನು ನಮ್ಮ ಜನ ಆ ತೂತಿಗೆ ಏನೇನು ಹಾಕುತ್ತಿದ್ದರೋ ಅದನ್ನೆಲ್ಲ ತೊಟ್ಟಿಗೂ ಹಾಕಿದರು: ನೀರಿನ ಬಾಟಲಿ, ಗುಟ್ಕಾ ಚೀಟಿ, ಚಹಾದ ಲೋಟ, ಮಕ್ಕಳ ಡಯಾಪರ್. ಮತ್ತೆ, ಮುಚ್ಚಿಟ್ಟು ಏನು ಪ್ರಯೋಜನ, ನಮ್ಮ ಪ್ಯಾಡುಗಳೂ. 2016–17ರ ಒಂದು ವರ್ಷದಲ್ಲಿ ಮಹಾಲೇಖಪಾಲರು ಲೆಕ್ಕ ತೆಗೆದರೆ ಸುಮಾರು 25,000 ತೊಟ್ಟಿಗಳಲ್ಲಿ ಹತ್ತಿರಹತ್ತಿರ ಎರಡು ಲಕ್ಷ ದೋಷಗಳು ಸಿಕ್ಕವು. ಅದರಲ್ಲಿ ಅರ್ಧಕ್ಕರ್ಧ ಕಟ್ಟಿಕೊಂಡದ್ದೇ. ಪ್ಯಾಡಿನ ಮಾತಿಗೆ ಒಂದು ನ್ಯಾಯ ಹೇಳಬೇಕು. ನೂರು ವರ್ಷ ಆ ಕೋಣೆಯಲ್ಲಿ ಒಂದು ಬುಟ್ಟಿ ಇಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹೊರಗೆ ಹಿಡಿದುಕೊಂಡು ಬಂದರೆ ಬಾಗಿಲಲ್ಲಿ ನಾಲ್ಕು ಜನ ಗಂಡಸರು ನಿಂತಿರುತ್ತಾರೆ. ಇನ್ನೇನು ಮಾಡಬೇಕಿತ್ತು ಹುಡುಗಿಯರು? ಈಗ ಬುಟ್ಟಿ ಬಂದಿದೆ.

ಕಟ್ಟಿಕೊಂಡದ್ದನ್ನು ಬಿಡಿಸುವವರು ಯಾರು ಎಂಬುದು ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಹಳಿ ತೊಳೆಯುವ ಕೆಲಸ ಬಹುಪಾಲು ನಿಂತಿತು, ನಿಜ. ಡಿಪೋದಲ್ಲಿ ಡಬ್ಬಿಯ ಕೆಳಗೆ ನುಗ್ಗಿ ಕಡ್ಡಿ ಹಾಕಿ ತಿವಿಯುವ ಕೆಲಸ ಹುಟ್ಟಿಕೊಂಡಿತು. ಹೀರುವ ಯಂತ್ರಗಳಿವೆ, ಬಾಟಲಿಯನ್ನು ಯಂತ್ರ ಹೀರುವುದಿಲ್ಲ.

ಗಾಡಿಯ ಹಿಂದಿನ ಡಬ್ಬಿಗಳೆಲ್ಲ ಹೀಗೆ ಬದಲಾದರೂ ಅದನ್ನು ಎಳೆಯುವ ಇಂಜಿನ್ನಿನ ಮಾತು ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ದೇಶದ ಇಂಜಿನ್ನುಗಳಲ್ಲಿ ಬಹುಕಾಲ ಕಕ್ಕಸೇ ಇರಲಿಲ್ಲ. ಕೆಲವು ವರ್ಷಗಳಿಂದ ಹೊಸ ಇಂಜಿನ್ನುಗಳಿಗೆ ಹಾಕುತ್ತಿದ್ದಾರೆ, ಎಲ್ಲಕ್ಕೂ ಇನ್ನೂ ಬಂದಿಲ್ಲ. ಗಂಡಸು ಡ್ರೈವರುಗಳು ಹೇಗೋ ಸುಧಾರಿಸಿಕೊಂಡರು. 1980ರ ದಶಕದ ಕೊನೆಯಲ್ಲಿ ಮಹಾರಾಷ್ಟ್ರದ ಸುರೇಖಾ ಯಾದವ್ ಇಂಜಿನ್ ಹತ್ತಿ ದೇಶದ ಮೊದಲ ಮಹಿಳಾ ಡ್ರೈವರ್ ಆದರು, ಪತ್ರಿಕೆಗಳಲ್ಲೆಲ್ಲ ಫೋಟೋ ಬಂತು. ನಾನು ಆಗ ಕಾಲೇಜಿನಲ್ಲಿದ್ದೆ, ಇಂಥ ಸುದ್ದಿಗಳನ್ನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದ ಕಾಲ. ಆರೇಳು ಗಂಟೆ ಆ ಹೆಣ್ಣುಮಗಳು ಎಲ್ಲಿ ಹೋಗಬೇಕು ಎಂದು ಒಬ್ಬ ವರದಿಗಾರನೂ ಕೇಳಿದ್ದು ನನಗೆ ನೆನಪಿಲ್ಲ. ಅವರ ಹಿಂದೆ ಬಂದ ನೂರಾರು ಹುಡುಗಿಯರು ಇಂದೂ ಡ್ಯೂಟಿಯ ದಿನ ನೀರು ಕಡಮೆ ಕುಡಿಯುತ್ತಾರೆ, ನಮ್ಮ ಅಜ್ಜಿಯ ಹಾಗೆ. ಗಾಡಿಯಲ್ಲಿರುವ ಸಾವಿರಕ್ಕೂ ಹೆಚ್ಚು ಜನರ ಜೀವ ಅವರ ಕೈಯಲ್ಲಿರುತ್ತದೆ.

ಆ ತಾಯಿಗೆ ಹಳಿಯ ಕೆಲಸ ತಪ್ಪಿ ಈಗ ಬೇರೊಬ್ಬ ಕಂಟ್ರಾಕ್ಟರನ ಕೈಕೆಳಗೆ ಪ್ಲಾಟ್‌ಫಾರಮ್ ಗುಡಿಸುತ್ತಾಳೆ. ನೀಲಿ ಕೋಟು, ಬೂಟು ಕೊಟ್ಟಿದ್ದಾರೆ. ಸಂಬಳ ಒಂದೊಂದು ತಿಂಗಳು ತಡವಂತೆ. ಮಗಳು ಪಿಯುಸಿ ಮುಗಿಸಿ ಹಾಸನದ ಕಡೆ ಮದುವೆಯಾಗಿ ಹೋದಳು, ಹೊಲಿಗೆ ಕೆಲಸ ಮಾಡುತ್ತಾಳಂತೆ. ನಾನು ಅವಳನ್ನು ಓದಿಸಿ ಅಂದಿದ್ದೆ; ಅವರ ಕಷ್ಟ ಅವರಿಗೆ.

ಹೋದ ದೀಪಾವಳಿ ರಜೆಯಲ್ಲಿ ಹುಬ್ಬಳ್ಳಿಗೆ ಹೊರಟಿದ್ದೆ. ಎದುರು ಸೀಟಿನಲ್ಲಿ ಕೈಗೂಸಿನ ತಾಯಿ, ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ. ಮಗುವಿನ ಡಯಾಪರ್ ಬಿಚ್ಚಿ ಸುತ್ತಿಕೊಂಡು ಅತ್ತಿತ್ತ ನೋಡಿ, “ಆಂಟಿ, ಇದನ್ನ ಒಳಗೆ ಹಾಕಿ ನೀರು ಬಿಟ್ಟರೆ ಹೋಗುತ್ತಾ?” ಎಂದು ಮೆಲ್ಲಗೆ ಕೇಳಿದಳು. ಹೋಗಲ್ಲಮ್ಮ, ಕೆಳಗೆ ತೊಟ್ಟಿಯಿದೆ, ಕಟ್ಟಿಕೊಳ್ಳುತ್ತೆ, ಅಲ್ಲಿ ಬುಟ್ಟಿ ಇದೆ ನೋಡು ಎಂದೆ. ಹೋಗಿ ಬಂದು, “ಬುಟ್ಟಿ ತುಂಬಿ ಚೆಲ್ತಾ ಇದೆ ಆಂಟಿ” ಎಂದಳು. ನನ್ನ ಬ್ಯಾಗಿನಲ್ಲಿದ್ದ ಹಳೆಯ ಪೇಪರು ಕೊಟ್ಟೆ. ಅದರಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಬಿಗಿದು ಸೀಟಿನ ಕೆಳಗೆ ಇಟ್ಟುಕೊಂಡಳು. ಬೀರೂರಿನಲ್ಲಿ ಗಾಡಿ ನಿಂತಿತು. ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿ, “ಒಂದು ನಿಮಿಷ ಆಂಟಿ” ಎಂದು ಕವರು ಹಿಡಿದು ಇಳಿದು ಓಡಿದಳು. ಕಸದ ಡಬ್ಬ ಪ್ಲಾಟ್‌ಫಾರಮ್ಮಿನ ಆ ತುದಿಯಲ್ಲಿತ್ತು. ಗಾರ್ಡು ಸೀಟಿ ಊದುವಷ್ಟರಲ್ಲಿ ಅವಳು ಹತ್ತಿಕೊಂಡಳು.